ಗುರಾಣಿಯ ಬಿರುಕು

ಐಸ್‌ಲ್ಯಾಂಡಿನ ಸಿಸಿಪಿ ಕಂಪನಿ 2003ರಲ್ಲಿ ಹೊರತಂದ ‘ಈವ್ ಆನ್‌ಲೈನ್’ ಒಂದು ಕಂಪ್ಯೂಟರ್ ಆಟ. ದೇಶದೇಶಗಳಲ್ಲಿ ಕುಳಿತ ಸಾವಿರಾರು ಜನ ಒಂದೇ ಆಕಾಶದಲ್ಲಿ ಹಡಗು ನಡೆಸಿ ಕಾದಾಡುತ್ತಾರೆ. ಎಷ್ಟೋ ಆಟಗಳಲ್ಲಿ ಸತ್ತವನು ಮರುಕ್ಷಣ ಎದ್ದು ನಿಲ್ಲುತ್ತಾನೆ. ಇಲ್ಲಿ ಸಿಡಿದ ಹಡಗು ಹೋದದ್ದೇ. ವಿಮೆಯ ಹಣ ಅಷ್ಟಿಷ್ಟು ಬಂದೀತು, ದುಡಿದ ಕಾಲ ಬಾರದು. 2014ರ ಜನವರಿಯ ಒಂದೇ ಕದನದಲ್ಲಿ ‘ಟೈಟನ್’ ಎಂಬ ದೈತ್ಯ ಹಡಗುಗಳು 75 ನಾಶವಾದವು.

ಆದ್ದರಿಂದ ಹೊರಡುವ ಮೊದಲೇ ರಕ್ಷಣೆಯ ಯೋಚನೆ ಮಾಡಬೇಕು. ಪ್ರತಿ ಹಡಗಿಗೂ ಮೂರು ಪದರ: ಹೊರಗೆ ಶಕ್ತಿಯ ಗುರಾಣಿ, ಅದರೊಳಗೆ ಲೋಹದ ಕವಚ, ಕೊನೆಗೆ ಹಡಗಿನ ಒಡಲು. ಗುರಾಣಿ ತಾನಾಗಿಯೇ ತುಂಬಿಕೊಳ್ಳುತ್ತದೆ. ಕವಚಕ್ಕೆ ದುರಸ್ತಿ ಯಂತ್ರ ಬೇಕು. ಗುರಾಣಿಯನ್ನು ಹಿಗ್ಗಿಸಿದರೆ ಹಡಗು ಶತ್ರುವಿನ ಗುರಿಗೆ ಸುಲಭವಾಗಿ ಸಿಗುತ್ತದೆ. ಕವಚಕ್ಕೆ ಫಲಕ ಜೋಡಿಸಿದರೆ ಭಾರ ಹೆಚ್ಚಿ ಓಟ ಕುಂದುತ್ತದೆ. ಉಪಕರಣ ಕೂರಿಸುವ ಜಾಗವೂ ಮಿತ. ಹೀಗಾಗಿ ಅನುಭವಿಗಳು ಒಂದನ್ನೇ ಹಿಡಿಯುತ್ತಾರೆ. ಎರಡನ್ನೂ ಅರೆಬರೆ ಬಲಪಡಿಸಿದವನಿಗೆ ಎರಡೂ ಕೈಕೊಡುತ್ತವೆ.

ನಿಜವಾದ ಲೆಕ್ಕ ಇರುವುದು ಮುಂದೆ. ಶತ್ರುವಿನ ಹೊಡೆತ ನಾಲ್ಕು ಬಗೆ: ವಿದ್ಯುತ್ಕಾಂತೀಯ, ಉಷ್ಣ, ಗುಂಡಿನ ಘಾತ, ಸ್ಫೋಟ. ಸಾಮಾನ್ಯ ಗುರಾಣಿ ಸ್ಫೋಟದ ಅರ್ಧ ಪೆಟ್ಟನ್ನು ತಾನೇ ತಡೆಯುತ್ತದೆ. ವಿದ್ಯುತ್ಕಾಂತೀಯ ಹೊಡೆತವನ್ನು ಏನೇನೂ ತಡೆಯದು. ಕವಚದ ಗುಣ ತಿರುಗುಮುರುಗು. ಅದರ ದೌರ್ಬಲ್ಯ ಸ್ಫೋಟ.

ಒಂದು ಬಗೆಯ ಪೆಟ್ಟನ್ನು ಅರ್ಧಕ್ಕೆ ಇಳಿಸುವ ಉಪಕರಣ ಕೈಯಲ್ಲಿದೆ ಎನ್ನಿ. ಎರಡೂ ಬಗೆಯಲ್ಲಿ ತಲಾ 100 ಪೆಟ್ಟು ಬೀಳುತ್ತಿವೆ. ಸ್ಫೋಟದಲ್ಲಿ ಈಗಾಗಲೇ 50 ಮಾತ್ರ ಒಳಗೆ ಬರುತ್ತಿದ್ದು, ಉಪಕರಣ ಅದನ್ನು 25ಕ್ಕೆ ಇಳಿಸುತ್ತದೆ. ಉಳಿತಾಯ 25. ಅದೇ ಜಾಗದಲ್ಲಿ ವಿದ್ಯುತ್ಕಾಂತೀಯ ತಡೆಯನ್ನು ಕೂರಿಸಿದರೆ 100 ಹೋಗಿ 50 ಆಗುತ್ತದೆ. ಉಳಿತಾಯ 50! ಅಂದರೆ ಬಲವಿದ್ದ ಕಡೆ ಬಲ ಸೇರಿಸುವುದಕ್ಕಿಂತ ಬಿರುಕು ಮುಚ್ಚುವುದೇ ಲಾಭ.

ಒಂದೇ ಬಗೆಯ ತಡೆಯನ್ನು ಸಾಲಾಗಿ ಪೇರಿಸುವವರಿಗೆ ಆಟವೇ ದಂಡ ಹಾಕುತ್ತದೆ. ಎರಡನೆಯ ಉಪಕರಣ ಸುಮಾರು ಶೇ. 87ರಷ್ಟು ಕೆಲಸ ಮಾಡಿದರೆ ಮೂರನೆಯದು ಶೇ. 57, ನಾಲ್ಕನೆಯದು ಶೇ. 28 ಮಾತ್ರ.

ಎದುರಾಳಿ ಕಂಪ್ಯೂಟರೇ ಆಗಿದ್ದರೆ ಕೆಲಸ ಹಗುರ. ‘ಗುರಿಸ್ಟಾಸ್’ ಎಂಬ ಕಡಲ್ಗಳ್ಳರಂಥ ಪಡೆ ಗುಂಡಿನ ಘಾತ ಮತ್ತು ಉಷ್ಣವನ್ನೇ ನೆಚ್ಚಿಕೊಂಡಿದೆ. ‘ಸಾನ್ಶಾ’ ಪಡೆಯದು ವಿದ್ಯುತ್ಕಾಂತೀಯ ಮತ್ತು ಉಷ್ಣ. ಆ ಎರಡಕ್ಕೆ ತಡೆ ಒಡ್ಡಿ ಹೊರಟರಾಯಿತು. ಆದರೆ ಎದುರಿಗಿರುವವನು ಮನುಷ್ಯನಾದರೆ? ಗುರಾಣಿಯ ಬಿರುಕು ಎಲ್ಲಿ ಎಂಬುದು ಅವನಿಗೂ ಗೊತ್ತು. ಗಟ್ಟಿ ಗೋಡೆಗೆ ಇನ್ನೊಂದು ಸುತ್ತು ಗಾರೆ ಬಳಿದವನಿಗೆ ಧೈರ್ಯ ಬಂದೀತು. ಹೊಡೆಯುವವನು ಮಾತ್ರ ಆ ಗೋಡೆಯ ತಂಟೆಗೆ ಹೋಗುವುದಿಲ್ಲ.