ಮೊದಲು ಕಂಬ, ಆಮೇಲೆ ದೂರದರ್ಶಕ

ದೂರದರ್ಶಕವನ್ನು ಕೊಳ್ಳಹೊರಟವರು ಸಾಮಾನ್ಯವಾಗಿ ಇದ್ದ ಹಣವನ್ನೆಲ್ಲ ಗಾಜಿಗೇ ಸುರಿದು, ಅದನ್ನು ಹೊರುವ ಆಧಾರವನ್ನು ಕಡೆಗಣಿಸುತ್ತಾರೆ. ಇದರ ಫಲವನ್ನು ನಾವು ಒಮ್ಮೆ ಶಾಲೆಯೊಂದರ ಅಂಗಳದಲ್ಲಿ ಕಣ್ಣಾರೆ ಕಂಡೆವು. ತೆಳುವಾದ ಮುಕ್ಕಾಲಿಯ ಮೇಲಿದ್ದ ದೂರದರ್ಶಕದಲ್ಲಿ ಗುರುಗ್ರಹವು ಗಾಳಿಗೆ ಸಿಕ್ಕ ದೀಪದಂತೆ ಓಲಾಡುತ್ತಿತ್ತು. ಸಾಲಿನಲ್ಲಿ ಕಾದಿದ್ದ ಹುಡುಗರು ಒಬ್ಬೊಬ್ಬರಾಗಿ ಇಣಿಕಿ ನೋಡಿ, ಏನೂ ಕಾಣಲಿಲ್ಲವೆಂದು ಹಿಂದಿರುಗಿದರು. ದೂರದರ್ಶಕವು ಬೀರುವನ್ನು ಸೇರಿತು. ತಪ್ಪು ಗಾಜಿನದಲ್ಲ, ಕಾಲಿನದು. ಆದುದರಿಂದ ಮಂಡ್ಯ, ಮದ್ದೂರು, ಮಳವಳ್ಳಿಗಳ ವಿದ್ಯಾರ್ಥಿಮಿತ್ರರಲ್ಲಿ ನಮ್ಮ ಬಿನ್ನಹವಿಷ್ಟೆ: ಮೊದಲು ಹಿತ್ತಿಲಿನಲ್ಲಿ ಗಟ್ಟಿಯಾದ ಕಾಂಕ್ರೀಟು ಕಂಬವೊಂದನ್ನು ನಿಲ್ಲಿಸಿರಿ, ದೂರದರ್ಶಕವು ಆಮೇಲೆ ಬರಲಿ.

ಇದು ಬರಿಯ ಹಟದ ಮಾತಲ್ಲ, ಲೆಕ್ಕದ ಮಾತು. ವಸ್ತುವನ್ನು ನೂರು ಮಡಿ ಹಿಗ್ಗಿಸಿ ತೋರಿಸುವ ದೂರದರ್ಶಕವು ತನ್ನ ನಡುಕವನ್ನೂ ನೂರು ಮಡಿ ಹಿಗ್ಗಿಸಿ ತೋರಿಸುತ್ತದೆ. ಒಂದು ಡಿಗ್ರಿಯ 3600ನೆಯ ಒಂದು ಭಾಗಕ್ಕೆ ವಿಕಲೆಯೆಂದು ಹೆಸರು. ಗುರುಗ್ರಹದ ಬಿಂಬದ ಅಗಲ ಸುಮಾರು 40 ವಿಕಲೆ. ಒಂದು ಮೀಟರು ಉದ್ದದ ನಳಿಗೆಯ ಒಂದು ತುದಿಯು ಮಿಲಿಮೀಟರಿನ ಐದನೆಯ ಒಂದು ಭಾಗದಷ್ಟು ಸರಿದರೆ ಸಾಕು, ಬಿಂಬವು ತನ್ನ ಅಗಲದಷ್ಟೇ ಪಕ್ಕಕ್ಕೆ ಜಿಗಿಯುತ್ತದೆ. ಇಂಥ ಸೂಕ್ಷ್ಮವನ್ನು ತಡೆಯಲು ದಪ್ಪವಾದ ಕಂಬವೇ ಬೇಕು. ದುಂಡು ಕಂಬದ ವ್ಯಾಸವನ್ನು ಇಮ್ಮಡಿಸಿದರೆ, ಬಾಗದೆ ನಿಲ್ಲುವ ಅದರ ಬಿಗಿತವು 16 ಮಡಿ ಹೆಚ್ಚುತ್ತದೆ. ಆರಂಗುಲದ ಕಂಬಕ್ಕಿಂತ ಒಂದಡಿಯ ಕಂಬ ಎಷ್ಟು ಮೇಲೆಂಬುದನ್ನು ಇದರಿಂದಲೇ ಊಹಿಸಬಹುದು.

ಕಟ್ಟುವ ಕ್ರಮ ಸರಳವಾದುದು. ಉದ್ದ, ಅಗಲ, ಆಳಗಳಲ್ಲಿ ಎರಡೆರಡು ಅಡಿಯ ಗುಂಡಿಯನ್ನು ತೋಡಿರಿ. ನಾಲೆಯ ನೀರುಣ್ಣುವ ಗದ್ದೆಯ ಮಗ್ಗುಲಲ್ಲಾದರೆ ಮಣ್ಣು ಮೆತ್ತಗಿರುತ್ತದೆ; ಗಟ್ಟಿ ನೆಲ ಸಿಕ್ಕುವವರೆಗೆ ಅಗೆಯಬೇಕು. ಒಂದು ಪಾಲು ಸಿಮೆಂಟಿಗೆ ಎರಡು ಪಾಲು ಮರಳು, ನಾಲ್ಕು ಪಾಲು ಜಲ್ಲಿ. ಕಬ್ಬಿಣದ ಸರಳುಗಳು ತಳಪಾಯದಿಂದ ಕಂಬದ ನೆತ್ತಿಯವರೆಗೆ ಒಂದೇ ಸಮನೆ ಹಾಯಬೇಕು. ಮೂರಡಿ ಎತ್ತರದ ಕಂಬಕ್ಕೂ ತಳಪಾಯಕ್ಕೂ ಸೇರಿ ಸುಮಾರು ಎರಡು ಮೂಟೆ ಸಿಮೆಂಟು ಸಾಕು. ಒಟ್ಟು ತೂಕ ಸುಮಾರು 700 ಕಿಲೋಗ್ರಾಂ ಆದೀತು. ಕಾಂಕ್ರೀಟು ಬಿಗಿಯುವ ಮೊದಲೇ ನೆತ್ತಿಯಲ್ಲಿ ಮೂರು ಬೋಲ್ಟುಗಳನ್ನು ಹುದುಗಿಸಿರಿ. ಆಮೇಲೆ ಗೋಣಿತಾಟು ಸುತ್ತಿ ದಿನವೂ ನೀರುಣಿಸಿರಿ. 28 ದಿನ ಕಾಯುವ ತಾಳ್ಮೆಯಿರಲಿ. ಸುತ್ತ ನೆಲಗಟ್ಟು ಹಾಕುವುದಾದರೆ ಅದು ಕಂಬವನ್ನು ಮುಟ್ಟಕೂಡದು. ಮುಟ್ಟಿದರೆ ನೋಡುವವರ ಹೆಜ್ಜೆಯ ಅದುರು ಕಂಬಕ್ಕೂ ಹರಿಯುತ್ತದೆ. ದೊಡ್ಡ ವೀಕ್ಷಣಾಲಯಗಳಲ್ಲಿಯೂ ದೂರದರ್ಶಕದ ಕಂಬವನ್ನು ಕಟ್ಟಡದ ನೆಲದಿಂದ ಬೇರ್ಪಡಿಸಿಯೇ ಕಟ್ಟುತ್ತಾರೆ.

ಜಾಗದ ಆಯ್ಕೆಯಲ್ಲಿ ಎಚ್ಚರ ಬೇಕು. ಬೆಂಗಳೂರು–ಮೈಸೂರು ರೈಲುಹಾದಿಯು ಮದ್ದೂರು, ಮಂಡ್ಯಗಳ ಮೂಲಕವೇ ಸಾಗುವುದರಿಂದ ಅದರ ಮಗ್ಗುಲು ಬೇಡ. ನಮ್ಮ ಊರುಗಳು ಸುಮಾರು 12½ ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ಧ್ರುವನಕ್ಷತ್ರವು ದಿಗಂತದಿಂದ ಅಷ್ಟೇ ಎತ್ತರದಲ್ಲಿ ಕಾಣುತ್ತದೆ. ನಕ್ಷತ್ರಗಳನ್ನು ಹಿಂಬಾಲಿಸುವ ಯಂತ್ರದ ಅಚ್ಚನ್ನು ಆ ದಿಕ್ಕಿಗೇ ಹೊಂದಿಸಬೇಕಾದುದರಿಂದ ಉತ್ತರಕ್ಕೆ ತೆಂಗಿನ ತೋಟ ಅಡ್ಡವಿರದಿದ್ದರೆ ಒಳಿತು. ದಕ್ಷಿಣವೂ ತೆರೆದಿದ್ದರೆ ತ್ರಿಶಂಕುವಿನ ದರ್ಶನವೂ ಲಭಿಸುತ್ತದೆ.

ಕಂಬವನ್ನು ಹೊತ್ತೊಯ್ಯಲಾಗದಲ್ಲ, ನಾಳೆ ಪಕ್ಕದಲ್ಲೇ ಬೀದಿದೀಪ ಬಂದರೇನು ಗತಿ, ಎಂದು ಕೆಲವರು ಆಕ್ಷೇಪಿಸಬಹುದು. ಮಾತು ನಿಜ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲಿ ವಿದ್ಯುತ್ತಿನ ಉತ್ಪಾದನೆ ಮೊದಲಾಯಿತು. ಇಂದು ವಿದ್ಯುದ್ದೀಪವಿಲ್ಲದ ಊರನ್ನು ಹುಡುಕಬೇಕು. ಆ ಬೆಳಕಿನಲ್ಲಿ ಮಂಕಾದ ನೀಹಾರಿಕೆಗಳು ಅಡಗಬಹುದು. ಆದರೆ ಚಂದ್ರನ ಕುಳಿಗಳು, ಗುರುವಿನ ಉಪಗ್ರಹಗಳು, ಶನಿಯ ಬಳೆಗಳು ಅಡಗುವುದಿಲ್ಲ. ಅವನ್ನು ಅಡಗಿಸುವುದು ದೀಪವಲ್ಲ, ನಡುಗುವ ಮುಕ್ಕಾಲಿ.

ಆಲೆಮನೆಯಲ್ಲಿ ಗಾಣವನ್ನು ಹೂಡುವಾಗ ನಮ್ಮ ಜನ ಮೊದಲು ಅದನ್ನು ಅಲುಗದಂತೆ ನೆಲಕ್ಕೆ ಬಿಗಿಯುತ್ತಾರೆ. ಕಬ್ಬಿನ ಹಾಲಿನ ಮಾತು ಆಮೇಲೆ. ಈ ತಿಳಿವಳಿಕೆ ಶಾಲೆಯ ಅಂಗಳಕ್ಕೂ ಬರಲಿ. ಎರಡು ಮೂಟೆ ಸಿಮೆಂಟಿನ ವೆಚ್ಚವನ್ನು ಯಾವ ಊರೂ ಹೊರಬಲ್ಲುದು. ಕಂಬವಿದ್ದರೆ ಎರವಲು ತಂದ ಸಣ್ಣ ದೂರದರ್ಶಕವೂ ಕಲಿಸುತ್ತದೆ. ಅದಿಲ್ಲದಿದ್ದರೆ ದೊಡ್ಡದೂ ಬೀರುವಿನಲ್ಲಿ ಧೂಳುಣ್ಣುತ್ತದೆ.