ನೊರೆ ಬಂದದ್ದು ಪರಸಿಯಿಂದ

ಎಳ್ಳಮಾವಾಸ್ಯೆ ಮುಗಿದ ಮರುವಾರ ಹುಮನಾಬಾದಿನ ನನ್ನ ಹಾರ್ಡ್‌ವೇರ್ ಅಂಗಡಿಗೆ ಬರುವವರ ಬೇಡಿಕೆ ಹೆಚ್ಚುಕಡಿಮೆ ಒಂದೇ: "ಸಾಹುಕಾರ್ರೆ, ಮೋರಿ ಕಟ್ಟ್ಯಾದ, ನೀರೇ ಹೋಗವಲ್ದು. ಆಸಿಡ್ ಕೊಡ್ರಿ." ಹೊಲದಲ್ಲಿ ಚರಗ ಚೆಲ್ಲಿ, ಭಜ್ಜಿ, ಕಡುಬು ಉಂಡು ಬಂದ ಪಾತ್ರೆಗಳ ಜಿಡ್ಡೆಲ್ಲ ಪೈಪಿಗೆ ಇಳಿದಿರುತ್ತದೆ. ನಮ್ಮ ಬೀದರ್ ಜಿಲ್ಲೆಯ ಚಳಿಗೆ ಡಾಲ್ಡಾ ಅಲ್ಲಿಯೇ ಗಟ್ಟಿಯಾಗಿ ಕೂತಿರುತ್ತದೆ.

ನಾನೂ ವರ್ಷಗಟ್ಟಲೆ ಆಸಿಡ್ ಮಾರಿದವನೇ. ಬಿಡಿಸಿದ್ದು ಬಸವಕಲ್ಯಾಣದ ನಮ್ಮ ಮನೆಯ ಬಚ್ಚಲು. ಹಳೆಯ ಮನೆ, ನೆಲಕ್ಕೆ ಶಹಾಬಾದಿನ ಪರಸಿ. ಒಂದು ಭಾನುವಾರ ನೀರು ನಿಂತಿತು. ಅಂಗಡಿಯಿಂದ ತಂದ ಬಾಟ್ಲಿ ಸುರಿದೆ. ಭುಸ್ಸೆಂದು ನೊರೆ ಎದ್ದಿತು. ಕೆಲಸ ಆಯಿತೆಂದು ಇನ್ನೊಂದು ಬಾಟ್ಲಿಯನ್ನೂ ಸುರಿದೆ. ಮರುದಿನವೂ ನೀರು ನಿಂತೇ ಇತ್ತು. ಪರಸಿಯ ನುಣುಪು ಮಾತ್ರ ಹೋಗಿ ಉಪ್ಪುಕಾಗದದಂತೆ ಆಗಿತ್ತು. ಅವ್ವ ಬಾಗಿಲಲ್ಲಿ ನಿಂತು ಅಂದಳು: "ಕೈ ಹಾಕಿ ನೋಡಬಾರದೇನೋ?" ಜಾಲಿ ಎತ್ತಿ, ಅದರಡಿಯ ಬಟ್ಟಲು ತೆಗೆದೆ. ಹಿಡಿಯಷ್ಟು ಕೂದಲು, ಅದಕ್ಕೆ ಮೆತ್ತಿದ ಬಿಳಿ ಅಂಟು, ನಡುವೆ ಹರಿದ ಶಾಂಪೂ ಪ್ಯಾಕೆಟ್. ಎರಡು ಬಾಟ್ಲಿ ಆಸಿಡ್ ಕುಡಿದೂ ಅದಕ್ಕೆ ಏನೂ ಆಗಿರಲಿಲ್ಲ.

ಆಗುವುದೂ ಇಲ್ಲ. ಶಹಾಬಾದ್ ಕಲ್ಲು ಸುಣ್ಣಕಲ್ಲು. ಆಸಿಡ್ ಬಿದ್ದರೆ ನೊರೆ ಬರುವುದು ಕಲ್ಲಿನಿಂದ, ಕಸದಿಂದಲ್ಲ. ಕೂದಲನ್ನಾಗಲಿ ಜಿಡ್ಡನ್ನಾಗಲಿ ಅದು ಕರಗಿಸುವುದಿಲ್ಲ. ಗಡಸು ಬೋರ್ ನೀರಿಗೆ ಸಾಬೂನು ಸೇರಿದರೆ ಬಿಳಿ ಅಂಟಾಗುತ್ತದೆ. ಕೂದಲಿಗೆ ಅದು ಸುತ್ತಿಕೊಂಡರೆ ಬಿರಡೆ ಹಾಕಿದಂತೆಯೇ. ಇನ್ನು ಆಸಿಡ್ ಸುರಿದ ಮೋರಿಗೆ ಬ್ಲೀಚಿಂಗ್ ಪುಡಿಯನ್ನೂ ಹಾಕುವವರಿದ್ದಾರೆ. ಎರಡೂ ಕೂಡಿದರೆ ಏಳುವುದು ಕ್ಲೋರಿನ್ ಅನಿಲ. ಕಿಟಕಿಯಿಲ್ಲದ ಬಚ್ಚಲಲ್ಲಿ ಅದು ಜೀವಕ್ಕೇ ಕುತ್ತು.

ಆಸಿಡ್ ದಾಳಿಗೆ ಒಳಗಾದ ಲಕ್ಷ್ಮೀ ಅವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರ ಜುಲೈ 18ರಂದು ಹೇಳಿದ್ದು ಸ್ಪಷ್ಟ: ಆಸಿಡ್ ಮಾರುವವನು ಕೊಳ್ಳುವವರ ಹೆಸರು, ವಿಳಾಸ, ಕಾರಣ ಬರೆದಿಡಬೇಕು, ಗುರುತಿನ ಚೀಟಿ ನೋಡಬೇಕು, 18 ವರ್ಷದೊಳಗಿನವರಿಗೆ ಕೊಡಬಾರದು. ಕಾರಣದ ಸಾಲಿನಲ್ಲಿ ನಾನು ಪುಟಗಟ್ಟಲೆ "ಮೋರಿ" ಎಂದು ಬರೆದೆ. ಮೋರಿಗೆ ಉಪಯೋಗವೇ ಇಲ್ಲದ ಮಾಲು ಅದೆಂದು ತಿಳಿದ ಮೇಲೆ ಹಾಗೆ ಬರೆಯಲು ಕೈ ಬರಲಿಲ್ಲ.

ಆಸಿಡ್ ಸಿಗದಿದ್ದರೆ ಬರುವ ಎರಡನೆಯ ಮಾತು ಇನ್ನೂ ಕೆಟ್ಟದ್ದು: "ಹಂಗಾದ್ರ ಯಾರನ್ನಾರ ಕಳಸ್ರಿ." ಯಾರನ್ನು ಎಂದು ನಾನು ಕೇಳಬೇಕಿಲ್ಲ. ಯಾವ ಓಣಿಯವರೆಂಬುದು ಇಬ್ಬರಿಗೂ ಗೊತ್ತು. ರಕ್ಷಣೆಯಿಲ್ಲದೆ ಮನುಷ್ಯನನ್ನು ಮಲದ ಗುಂಡಿಗೆ ಇಳಿಸಿದರೆ ಮೊದಲ ಸಲವೇ 2 ವರ್ಷದವರೆಗೆ ಜೈಲು, 2 ಲಕ್ಷ ರೂಪಾಯಿವರೆಗೆ ದಂಡ ಎನ್ನುವ ಕಾಯ್ದೆಯೂ ಅದೇ 2013ರದ್ದು. ಬಚ್ಚಲ ಮೋರಿ ಗುಂಡಿಯಲ್ಲ, ನಿಜ. ಆದರೆ ನಮ್ಮ ತಲೆಗೂದಲು ತೆಗೆಯಲು ಇನ್ನೊಬ್ಬರ ಕೈ ಬೇಕೆನ್ನುವ ಬುದ್ಧಿ ಒಂದೇ. ಅನುಭವ ಮಂಟಪದ ಊರಿನವನಾಗಿ ಇದನ್ನು ಬರೆಯಲು ನನಗೆ ನಾಚಿಕೆ.

ಮಾಡಬೇಕಾದದ್ದು ಹತ್ತು ನಿಮಿಷದ ಕೆಲಸ. ಕೈಗವಸು ಹಾಕಿಕೊಂಡು ವಾರಕ್ಕೊಮ್ಮೆ ಜಾಲಿ, ಬಟ್ಟಲು ಎತ್ತಿ ತೊಳೆಯಿರಿ. ನೀರು ಬೇಗ ಹೋಗಲೆಂದು ಬಟ್ಟಲನ್ನು ಕಿತ್ತೆಸೆಯಬೇಡಿ. ಅದರಲ್ಲಿ ನಿಲ್ಲುವ ನೀರೇ ವಾಸನೆಯನ್ನೂ ಜಿರಳೆಯನ್ನೂ ತಡೆಯುವುದು. ಪಾತ್ರೆಯ ಜಿಡ್ಡನ್ನು ಹಳೆಯ ಪೇಪರಿನಿಂದ ಒರೆಸಿ ಆಮೇಲೆ ತೊಳೆಯಿರಿ. ಸಿಂಕು ಕಟ್ಟಿದರೆ ಕೆಳಗೆ ಬಕೆಟ್ ಇಟ್ಟು ಬಾಟಲ್ ಟ್ರ್ಯಾಪನ್ನು ಕೈಯಿಂದಲೇ ತಿರುಗಿಸಿ ಬಿಚ್ಚಿ. ಕುದಿಯುವ ನೀರು ಸುರಿದರೆ ಪಿವಿಸಿ ಪೈಪು ಮೆತ್ತಗಾಗುತ್ತದೆ, ಬಿಸಿ ನೀರು ಸಾಕು.

ಬಿಚ್ಚಲು ಜಾಗವೇ ಇಲ್ಲದ ಮನೆಗಳು ಮಾತ್ರ ಕಷ್ಟ. ಕಟ್ಟುವಾಗ ಮೂಲೆಗೆ ಬಿಚ್ಚುವ ಬಾಯಿಯಿರುವ ಡೋರ್ ಬೆಂಡ್ ಹಾಕಿಸಿ ಎಂದರೆ ಸಾದಾ ಎಲ್ಬೋ ಕೊಟ್ಟರೆ ಸಾಕು ಎನ್ನುತ್ತಾರೆ. ಉಳಿಯುವುದು ಒಂದು ಊಟದ ದುಡ್ಡು. ಮೇಲೆ ಟೈಲ್ಸ್ ಕೂರಿಸಿದ ಮೇಲೆ ಆ ಮೂಲೆ ಕಟ್ಟಿದರೆ ನೆಲ ಒಡೆಯದೆ ದಾರಿಯಿಲ್ಲ. ಬೀದರಿನ ನೌಬಾದಿಗೆ ಹೋಗಿ ಸುರಂಗ ಬಾವಿ ನೋಡಿ. ಬಹಮನಿ ಕಾಲದವರು ಕೆಂಪು ಜಂಬಿಟ್ಟಿಗೆ ಕೊರೆದು ನೀರು ಹರಿಸಿದ ಆ ಸುರಂಗಕ್ಕೆ ಉದ್ದಕ್ಕೂ ಮೇಲಿನಿಂದ ಬಾವಿಯಂಥ ಬಾಯಿಗಳಿವೆ. ಹರಿಯುವುದು ಎಂದಾದರೂ ಹೂಳುತ್ತದೆ, ಒಳಗಿಳಿಯಲು ದಾರಿ ಬೇಕು ಎಂದು ಅವರಿಗೆ ಗೊತ್ತಿತ್ತು. ಇಪ್ಪತ್ತಡಿ ಪೈಪಿಗೆ ನಾವು ಒಂದು ಬಾಯಿಯನ್ನೂ ಬಿಡುವುದಿಲ್ಲ. ಮನೆ ಕಟ್ಟಲು ಪರವಾನಗಿ ಕೊಡುವವರು ರಸ್ತೆಗೆ ಬಿಟ್ಟ ಜಾಗ ಅಳೆಯುವಂತೆ, ಪ್ರತಿ ತಿರುವಿಗೆ ಬಿಚ್ಚುವ ಬಾಯಿ, ಹೊರಗೊಂದು ಚೇಂಬರ್ ಇದೆಯೇ ಎಂದೂ ನೋಡಲಿ.

ಆಸಿಡ್ ಬಾಟ್ಲಿಗಳ ಖಾನೆಯಲ್ಲಿ ಈಗ ಕೂದಲು ತಡೆಯುವ ಸ್ಟೀಲ್ ಜಾಲಿ ಇಟ್ಟಿದ್ದೇನೆ. ಒಮ್ಮೆ ಒಯ್ದವರು ಮತ್ತೆ ಕೇಳಿಕೊಂಡು ಬರುವುದಿಲ್ಲ. ವ್ಯಾಪಾರದ ಲೆಕ್ಕಕ್ಕೆ ದಡ್ಡತನವೇ. ಮನೆಯ ಪರಸಿಯನ್ನು ಮಾತ್ರ ನಾನಿನ್ನೂ ಬದಲಿಸಿಲ್ಲ. ದಿನಾ ಬೆಳಿಗ್ಗೆ ಸ್ನಾನಕ್ಕೆ ನಿಂತಾಗ ಅಂಗಾಲಿಗೆ ಚುಚ್ಚುತ್ತದೆ.