ಸಮುದ್ರದ ನಡುವೆ ಬಿಸಿನೀರಿಗೆ ತೆರುವ ಬೆಲೆ

ಕರಾವಳಿಯ ಮುಸ್ಲಿಮ್ ಕುಟುಂಬಗಳಿಗೆ ಹಡಗು ಹೊಸತಲ್ಲ. 1995ರವರೆಗೂ ಮುಂಬಯಿಯಿಂದ ಜಿದ್ದಾಕ್ಕೆ ಹಜ್ಜ್ ಯಾತ್ರಿಕರ ಹಡಗು ಸಾಗುತ್ತಿತ್ತು. ಹಾಗೆ ಹೋಗಿ ಬಂದ ಹಿರಿಯರ ಬಾಯಿಂದ ಆ ಪಯಣದ ಕಷ್ಟಸುಖಗಳನ್ನು ಕೇಳಿದವರು ನಮ್ಮ ನಡುವೆ ಇನ್ನೂ ಇದ್ದಾರೆ. ಹೊಸತೆಂದರೆ, ವಿಹಾರಕ್ಕಾಗಿಯೇ ಹಡಗೇರುವ ರೂಢಿ. ದುಬೈ, ಅಬುಧಾಬಿ, ದೋಹಾಗಳಲ್ಲಿ ದುಡಿಯುವ ಮಕ್ಕಳು ಚಳಿಗಾಲದಲ್ಲಿ ತಂದೆ-ತಾಯಿಯನ್ನು ಊರಿನಿಂದ ಕರೆಸಿಕೊಂಡು ಒಂದು ವಾರದ ಕ್ರೂಸ್‌ಗೆ ಕರೆದೊಯ್ಯುವುದು ಈಗ ಅಪರೂಪದ ಸಂಗತಿಯಾಗಿ ಉಳಿದಿಲ್ಲ. ಹೆತ್ತವರನ್ನು ಸಂತೋಷಪಡಿಸಬೇಕೆಂಬ ಈ ಬಯಕೆಯನ್ನು ನಾವು ಗೌರವಿಸುತ್ತೇವೆ. ಆದರೆ ಟಿಕೆಟಿನ ಹಣ ಕಟ್ಟಿದ ಬಳಿಕ ಆ ಮಕ್ಕಳ ಮುಂದೆ ಇನ್ನೊಂದು ಪ್ರಶ್ನೆ ಬಂದು ನಿಲ್ಲುತ್ತದೆ: ಸ್ಪಾದ ಬಿಸಿನೀರಿನ ಕೊಳಕ್ಕೆ ಪ್ರತ್ಯೇಕ ಹಣ ಕೊಟ್ಟು ಪಾಸ್ ಕೊಳ್ಳಬೇಕೇ?

ಈ ಪ್ರಶ್ನೆಗೆ ನಮ್ಮಲ್ಲಿ ಎರಡು ಉತ್ತರಗಳು ಸಿದ್ಧವಿರುತ್ತವೆ. ಅದೆಲ್ಲ ನಮ್ಮಂಥವರಿಗಲ್ಲ ಎಂದು ಕೈ ಕೊಡವುವುದು ಒಂದು. ಇಷ್ಟೆಲ್ಲ ಖರ್ಚು ಮಾಡಿದ ಮೇಲೆ ಇದೊಂದನ್ನು ಏಕೆ ಬಿಡಬೇಕು ಎಂದು ಕಾರ್ಡ್ ಚಾಚುವುದು ಇನ್ನೊಂದು. ಎರಡೂ ಉತ್ತರಗಳಲ್ಲಿ ಆತುರವಿದೆ, ವಿಚಾರವಿಲ್ಲ. ಅನುಮತಿಸಲ್ಪಟ್ಟ ಸುಖವನ್ನು ಸುಮ್ಮನೆ ನಿಷಿದ್ಧವೆಂದು ಬಗೆಯುವುದು ಧರ್ಮನಿಷ್ಠೆಯಲ್ಲ. ಬೆವರಿನ ಹಣವನ್ನು ಅಳೆದು ನೋಡದೆ ಚೆಲ್ಲುವುದು ಔದಾರ್ಯವೂ ಅಲ್ಲ.

ಮೊದಲಿಗೆ, ಹಣಕ್ಕೆ ಪ್ರತಿಯಾಗಿ ಸಿಗುವುದೇನು ಎಂಬುದನ್ನು ತಿಳಿದುಕೊಳ್ಳೋಣ. ದೊಡ್ಡ ಕ್ರೂಸ್ ಹಡಗುಗಳ ಮೇಲಂತಸ್ತಿನಲ್ಲಿ ಈಜುಕೊಳಗಳೂ ಜಕೂಝಿಗಳೂ ಎಲ್ಲ ಪ್ರಯಾಣಿಕರಿಗೂ ಉಚಿತವಾಗಿ ತೆರೆದಿರುತ್ತವೆ. ಸ್ಪಾದ ಒಳಗಿರುವುದು ಬೇರೆ. ನೀರಿನ ರಭಸದಿಂದ ಬೆನ್ನು ಭುಜಗಳನ್ನು ನೀವುವ ಬೆಚ್ಚಗಿನ ಕೊಳ, ಒಣ ಶಾಖದ ಸೌನಾ, ಹಬೆಯ ಕೋಣೆ, ಒಳಗಿನಿಂದ ಬಿಸಿಯಾಗುವ ಹೆಂಚಿನ ಒರಗುಪೀಠಗಳು, ಮುಂದೆ ಸಮುದ್ರವನ್ನು ತೋರುವ ಗಾಜಿನ ಗೋಡೆ. ಇವೆಲ್ಲ ಸೇರಿದ ವಿಭಾಗವನ್ನು ಅನೇಕ ಹಡಗುಗಳಲ್ಲಿ ಥರ್ಮಲ್ ಸೂಟ್ ಎನ್ನುತ್ತಾರೆ. ಕೆಲವು ಹಡಗುಗಳ ಥರ್ಮಲ್ ಸೂಟ್‌ನಲ್ಲಿ ಕೊಳವೇ ಇರುವುದಿಲ್ಲ. ಪೀಠ ಮತ್ತು ಹಬೆ ಮಾತ್ರ. ಏಳು ರಾತ್ರಿಗಳ ಯಾನಕ್ಕೆ ಒಬ್ಬರ ಪಾಸಿನ ಬೆಲೆ ಸಾಮಾನ್ಯವಾಗಿ 150ರಿಂದ 300 ಡಾಲರ್‌ಗಳ ನಡುವೆ ಇರುತ್ತದೆ. ಹಡಗು, ಋತು ಮತ್ತು ಬೇಡಿಕೆಗೆ ತಕ್ಕಂತೆ ಏರಿಳಿಯುತ್ತದೆ.

ಟಿಕೆಟಿನಲ್ಲೇ ಇದನ್ನು ಸೇರಿಸಬಾರದಿತ್ತೇ ಎಂದು ಕೇಳುವವರಿದ್ದಾರೆ. ಸೇರಿಸದಿರುವುದರಲ್ಲಿಯೇ ಈ ಉದ್ಯಮದ ಲೆಕ್ಕಾಚಾರವಿದೆ. ಜಗತ್ತಿನ ದೊಡ್ಡ ಕ್ರೂಸ್ ಸಂಸ್ಥೆಗಳಾದ ಕಾರ್ನಿವಲ್ ಮತ್ತು ರಾಯಲ್ ಕೆರಿಬಿಯನ್‌ಗಳ ವಾರ್ಷಿಕ ಲೆಕ್ಕಪತ್ರಗಳಲ್ಲಿ ಟಿಕೆಟಿನ ಆದಾಯ ಬೇರೆ, ಹಡಗಿನೊಳಗಿನ ಮಾರಾಟ ಮುಂತಾದವುಗಳ ಆದಾಯ ಬೇರೆ. ಈ ಎರಡನೆಯದು ಒಟ್ಟು ಆದಾಯದ ಸುಮಾರು ಮೂರನೆಯ ಒಂದು ಪಾಲು. ಮದ್ಯ, ಜೂಜು, ತೀರಪ್ರವಾಸ, ಇಂಟರ್‌ನೆಟ್, ಸ್ಪಾ ಎಲ್ಲವೂ ಅದರೊಳಗೆ ಬರುತ್ತವೆ. ಟಿಕೆಟು ಅಗ್ಗವೆನಿಸುವುದೇ ಹಡಗೇರಿದವರು ಮತ್ತೆ ಖರ್ಚು ಮಾಡುತ್ತಾರೆ ಎಂಬ ಭರವಸೆಯ ಮೇಲೆ. ಮದ್ಯಕ್ಕೂ ಜೂಜಿಗೂ ಒಂದು ದಿರ್ಹಮ್ ಕೊಡದ ಮುಸ್ಲಿಮ್ ಕುಟುಂಬದ ಮುಂದೆ ಉಳಿಯುವ ದೊಡ್ಡ ಪ್ರಲೋಭನೆಗಳಲ್ಲಿ ಸ್ಪಾ ಒಂದು. ಯಾನದ ಮೊದಲ ದಿನವೇ ಸ್ಪಾ ನೋಡಲು ಬನ್ನಿ ಎಂಬ ಆಹ್ವಾನ ಬರುವುದು ಅದಕ್ಕಾಗಿಯೇ.

ಹಾಗೆಂದು ಸ್ನಾನಕ್ಕೆ ಹಣ ಪಡೆಯುವುದು ಈ ಕಾಲದ ಆವಿಷ್ಕಾರವೇನಲ್ಲ. ಇಸ್ತಾಂಬುಲ್‌ನ ಚೆಂಬೆರ್ಲಿತಾಶ್ ಹಮ್ಮಾಮನ್ನು 1584ರಲ್ಲಿ ಕಟ್ಟಿಸಿದವರು ಸುಲ್ತಾನ್ ಮೂರನೆಯ ಮುರಾದನ ತಾಯಿ ನೂರ್ ಬಾನು. ವಿನ್ಯಾಸ ಪ್ರಸಿದ್ಧ ವಾಸ್ತುಶಿಲ್ಪಿ ಸಿನಾನ್ ಅವರದು. ಗಂಡಸರಿಗೆ ಒಂದು ಭಾಗ, ಹೆಂಗಸರಿಗೆ ಇನ್ನೊಂದು ಭಾಗ. ಅಲ್ಲಿಗೆ ಬಂದವರು ತೆರುತ್ತಿದ್ದ ಹಣವು ಉಸ್ಕುದಾರ್‌ನಲ್ಲಿ ಆಕೆ ಕಟ್ಟಿಸಿದ ಮಸೀದಿ ಹಾಗೂ ಅದಕ್ಕೆ ಸೇರಿದ ಧರ್ಮಾರ್ಥ ಸಂಸ್ಥೆಗಳ ವೆಚ್ಚಕ್ಕೆ ವಕ್ಫ್ ಆಗಿ ಸಲ್ಲುತ್ತಿತ್ತು. ಬಿಸಿನೀರಿನ ಸುಖವೂ ಅದಕ್ಕೆ ಹಣ ತೆರುವುದೂ ನಮ್ಮ ಪರಂಪರೆಗೆ ಅಪರಿಚಿತವಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಆ ಹಮ್ಮಾಮ್ ಹಡಗಿಗೂ ಏರಿತು. 1912ರ ಟೈಟಾನಿಕ್ ಹಡಗಿನ ಮೊದಲ ದರ್ಜೆಯ ಪ್ರಯಾಣಿಕರಿಗೆ ಅರಬ್ ಶೈಲಿಯಲ್ಲಿ ಸಿಂಗರಿಸಿದ ಟರ್ಕಿಶ್ ಸ್ನಾನಗೃಹವಿತ್ತು. ಬೆಲೆ ಒಂದು ಡಾಲರ್, ಅಂದರೆ ಆಗಿನ ನಾಲ್ಕು ಶಿಲ್ಲಿಂಗ್. ಬೆಳಿಗ್ಗೆ ಹತ್ತರಿಂದ ಒಂದರವರೆಗೆ ಹೆಂಗಸರಿಗೆ, ಮಧ್ಯಾಹ್ನ ಎರಡರಿಂದ ಆರರವರೆಗೆ ಗಂಡಸರಿಗೆ. ಅದೇ ಹಡಗಿನ ಮೂರನೆಯ ದರ್ಜೆಯ ಏಳುನೂರಕ್ಕೂ ಹೆಚ್ಚು ಜನರಿಗೆ ಇದ್ದದ್ದು ಎರಡೇ ಸ್ನಾನದ ತೊಟ್ಟಿಗಳು.

ಈಗಿನ ಪಾಸಿಗೂ ಅಂದಿನ ಟಿಕೆಟಿಗೂ ಒಂದು ಮುಖ್ಯ ವ್ಯತ್ಯಾಸವಿದೆ. ಅಂದು ಒಂದು ಸ್ನಾನಕ್ಕೆ ಒಂದು ಬೆಲೆ. ಇಂದು ಇಡೀ ಯಾನಕ್ಕೆ ಒಟ್ಟು ಬೆಲೆ. ಬಳಸಿದರೂ ಅಷ್ಟೇ, ಬಳಸದಿದ್ದರೂ ಅಷ್ಟೇ. ಆದುದರಿಂದ ಲೆಕ್ಕ ಹಾಕಬೇಕಾದುದು ಪಾಸಿನ ಬೆಲೆಯನ್ನಲ್ಲ, ನಾವು ನಿಜವಾಗಿ ಅಲ್ಲಿ ಕಳೆಯುವ ಗಂಟೆಯ ಬೆಲೆಯನ್ನು. ಒಂದು ಪಾಸಿಗೆ 200 ಡಾಲರ್ ಎಂದಿಟ್ಟುಕೊಳ್ಳೋಣ. ಅದು ಸುಮಾರು 734 ದಿರ್ಹಮ್. ಕೊಲ್ಲಿಯ ವಾರದ ಯಾನದಲ್ಲಿ ಹಡಗು ಹೆಚ್ಚಿನ ದಿನಗಳಲ್ಲಿ ಯಾವುದಾದರೊಂದು ಬಂದರಿನಲ್ಲಿ ನಿಂತಿರುತ್ತದೆ. ಹಗಲು ಊರು ನೋಡುವುದರಲ್ಲಿ ಕಳೆಯುತ್ತದೆ. ಸಂಜೆ ಮರಳಿದ ಮೇಲೆ ನಮಾಝ್, ಊಟ, ಮಕ್ಕಳ ನಿದ್ದೆ. ಹಡಗು ಎಲ್ಲಿಯೂ ನಿಲ್ಲದ ಒಂದೆರಡು ದಿನಗಳಲ್ಲಿ ಎರಡೆರಡು ಗಂಟೆ ಅಲ್ಲಿ ಕುಳಿತರೂ ಒಟ್ಟು ನಾಲ್ಕು ಗಂಟೆ. ಗಂಟೆಗೆ 183 ದಿರ್ಹಮ್‌ಗಿಂತ ಹೆಚ್ಚಾಯಿತು. ಗಂಡ-ಹೆಂಡತಿ, ತಂದೆ-ತಾಯಿ ನಾಲ್ವರಿಗೂ ಪಾಸ್ ಕೊಂಡರೆ 2,900 ದಿರ್ಹಮ್ ದಾಟುತ್ತದೆ. ಅದೇ ದುಬೈಯಲ್ಲಿ ಬಿಸಿಲಿಗೆ ಮೈಯೊಡ್ಡಿ ಕಟ್ಟಡ ಕಟ್ಟುವ ಅನೇಕ ಕಾರ್ಮಿಕರಿಗೆ ಇದು ತಿಂಗಳ ಸಂಬಳಕ್ಕಿಂತ ಅಧಿಕ.

ಇನ್ನೊಂದು ಯಾನವನ್ನು ಇದರ ಪಕ್ಕದಲ್ಲಿಡೋಣ. ಕ್ವೀನ್ ಮೇರಿ 2 ಹಡಗು ಸೌತಾಂಪ್ಟನ್‌ನಿಂದ ನ್ಯೂಯಾರ್ಕ್‌ಗೆ ಸಾಮಾನ್ಯವಾಗಿ ಏಳು ರಾತ್ರಿಗಳಲ್ಲಿ ತಲುಪುತ್ತದೆ. ನಡುವೆ ಬಂದರಿಲ್ಲ, ಹೊರಗೆ ಅಟ್ಲಾಂಟಿಕ್‌ನ ತಣ್ಣನೆಯ ಗಾಳಿ. ಅಂಥ ಯಾನದಲ್ಲಿ ದಿನಕ್ಕೆ ಎರಡು ಗಂಟೆಯಂತೆ ಹದಿನಾಲ್ಕು ಗಂಟೆ ಬಿಸಿನೀರಿನಲ್ಲಿ ಕಳೆಯುವುದು ಕಷ್ಟವಲ್ಲ. ಅದೇ 200 ಡಾಲರ್ ಎಂದು ಹಿಡಿದರೆ ಗಂಟೆಗೆ ಸುಮಾರು 52 ದಿರ್ಹಮ್. ಅಲಾಸ್ಕಾ, ನಾರ್ವೆಗಳ ಚಳಿಯ ಯಾನಗಳಿಗೂ ಇದೇ ಮಾತು ಸಲ್ಲುತ್ತದೆ. ಕೊಲ್ಲಿಯ ಚಳಿಗಾಲವಾದರೋ ಹಗಲಿನಲ್ಲಿ ಇಪ್ಪತ್ತೈದು ಡಿಗ್ರಿಯ ಆಸುಪಾಸಿನ ಹಿತವಾದ ಹವೆ. ಅಲ್ಲಿ ಗಾಜಿನೊಳಗೆ ಕುಳಿತು ಬೆಚ್ಚಗಾಗಲು ಹಣ ಕೊಡುವ ಅಗತ್ಯವಾದರೂ ಏನು?

ಅಷ್ಟಕ್ಕೂ, ಸ್ಪಾ ಪಾಸ್ ನಿಜವಾಗಿ ಮಾರುವುದು ನೀರನ್ನಲ್ಲ, ನಿಶ್ಶಬ್ದವನ್ನು. ಮೂರು-ನಾಲ್ಕು ಸಾವಿರ ಜನರಿರುವ ಹಡಗಿನಲ್ಲಿ ಉಚಿತ ಕೊಳದ ಸುತ್ತ ಸಂಗೀತದ ಅಬ್ಬರವಿರುತ್ತದೆ, ಕುರ್ಚಿಗಾಗಿ ಪೈಪೋಟಿಯಿರುತ್ತದೆ. ಪಾಸುಗಳ ಸಂಖ್ಯೆಯನ್ನು ಮಿತಿಗೊಳಿಸಿ, ಆ ಗದ್ದಲದಿಂದ ದೂರವಿರುವ ಒಂದು ಮೂಲೆಯನ್ನು ಸ್ಪಾ ಬೆಲೆಗೆ ಕೊಡುತ್ತದೆ. ವರ್ಷವಿಡೀ ದಣಿದ ಮನುಷ್ಯನಿಗೆ ನಿಶ್ಶಬ್ದವೂ ಒಂದು ಅನುಗ್ರಹವೇ. ಅದನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆದರೆ ಹಡಗಿನಲ್ಲಿ ಅದು ಹಣವಿಲ್ಲದೆಯೂ ಸಿಗುತ್ತದೆ. ಫಜ್ರ್‌ಗೆ ಎದ್ದವರು ನಮಾಝ್ ಮುಗಿಸಿ ಮೇಲಂತಸ್ತಿಗೆ ಬಂದರೆ, ಸೂರ್ಯೋದಯದ ಹೊತ್ತಿನಲ್ಲಿ ಇಡೀ ಸಮುದ್ರವೇ ಅವರದು. ತಡರಾತ್ರಿಯವರೆಗೆ ಕುಣಿದವರು ಆಗಿನ್ನೂ ಮಲಗಿರುತ್ತಾರೆ.

ಇನ್ನು ಕುಟುಂಬದ ಪ್ರಶ್ನೆ. ಸ್ಪಾದ ಈ ವಿಭಾಗಕ್ಕೆ ಸಾಮಾನ್ಯವಾಗಿ ಹದಿನೆಂಟು ತುಂಬದವರಿಗೆ ಪ್ರವೇಶವಿಲ್ಲ, ಕೆಲವೆಡೆ ಹದಿನಾರು. ಅಂದರೆ ಮಕ್ಕಳೊಡನೆ ಹೋದ ದಂಪತಿಯಲ್ಲಿ ಒಬ್ಬರು ಒಳಗೆ, ಒಬ್ಬರು ಹೊರಗೆ. ಒಟ್ಟಿಗಿರಲೆಂದೇ ಕೈಗೊಂಡ ಯಾನದಲ್ಲಿ ದೂರವಿರಲು ಹಣ ಕೊಟ್ಟಂತೆ. ಅದಕ್ಕಿಂತ ಮುಖ್ಯವಾದುದು ಲಜ್ಜೆಯ ವಿಷಯ. ಪಾಶ್ಚಾತ್ಯ ಹಡಗುಗಳ ಥರ್ಮಲ್ ಸೂಟ್‌ಗಳಲ್ಲಿ ಹೆಚ್ಚಿನವು ಗಂಡು-ಹೆಣ್ಣು ಎಲ್ಲರಿಗೂ ಒಂದೇ. ಜರ್ಮನ್ ಪ್ರಯಾಣಿಕರಿಗಾಗಿಯೇ ನಡೆಯುವ ಹಡಗುಗಳ ಸೌನಾಗಳಲ್ಲಿ ಬಟ್ಟೆಯಿಲ್ಲದೆ ಒಟ್ಟಿಗೆ ಕೂರುವುದೇ ರೂಢಿ. ಅಂಥ ಹಡಗುಗಳು ಕೊಲ್ಲಿಯಲ್ಲಿಯೂ ಚಳಿಗಾಲ ಕಳೆಯುತ್ತವೆ. ತಿಳಿಯದೆ ಪಾಸ್ ಕೊಂಡು, ವಯಸ್ಸಾದ ತಾಯಿಯನ್ನು ಬಾಗಿಲವರೆಗೆ ಕರೆದೊಯ್ದು, ಅಲ್ಲಿಂದ ಮರಳಬೇಕಾದ ಮುಜುಗರ ಯಾವ ಮಗನಿಗೂ ಬಾರದಿರಲಿ. ಹಣ ಕಟ್ಟುವ ಮುನ್ನವೇ ಕೇಳಿ: ಹೆಂಗಸರಿಗೆ ಪ್ರತ್ಯೇಕ ಸಮಯವಿದೆಯೇ? ಮೈತುಂಬ ಮುಚ್ಚುವ ಈಜುಡುಗೆಗೆ ಅನುಮತಿಯಿದೆಯೇ? ಬಟ್ಟೆ ಬದಲಾಯಿಸುವ ಕೋಣೆಯೊಳಗೇ ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆ ಸೌನಾ ಇದೆಯೇ? ಕೆಲವು ಹಡಗುಗಳಲ್ಲಿ ಈ ಕೊನೆಯದು ಉಚಿತವಾಗಿಯೇ ಇರುತ್ತದೆ. ಹೀಗೆ ಕೇಳಲು ಸಂಕೋಚ ಬೇಡ. ನೂರು ವರ್ಷಗಳ ಹಿಂದೆ ಇಂಗ್ಲಿಷರ ಹಡಗೇ ಹೆಂಗಸರ ವೇಳೆಯನ್ನು ಬೇರೆ ಇಟ್ಟಿತ್ತಲ್ಲವೇ? 2024ರ ಡಿಸೆಂಬರ್‌ನಲ್ಲಿ ಜಿದ್ದಾದಿಂದ ಯಾನ ಆರಂಭಿಸಿದ ಸೌದಿಯ ಅರೋಯಾ ಹಡಗಿನಲ್ಲಿ ಮದ್ಯವಿಲ್ಲ, ನಮಾಝ್‌ಗೆ ಸ್ಥಳವಿದೆ. ಬೇಡಿಕೆಯಿದ್ದಲ್ಲಿ ಹಡಗುಗಳೂ ಬದಲಾಗುತ್ತವೆ ಎಂಬುದಕ್ಕೆ ಇದು ನಿದರ್ಶನ.

ಹಾಗಾದರೆ ಈ ಪಾಸ್ ಯಾರಿಗೂ ಬೇಡವೇ? ಹಾಗಲ್ಲ. ಗಂಟುನೋವಿನಿಂದ ಬಳಲುವ ತಂದೆಗೆ ಬೆಚ್ಚಗಿನ ನೀರು ನಿಜವಾದ ನೆಮ್ಮದಿ ಕೊಡಬಹುದು. ಹೃದ್ರೋಗ, ರಕ್ತದೊತ್ತಡ ಇರುವವರು ಮತ್ತು ಗರ್ಭಿಣಿಯರು ವೈದ್ಯರನ್ನು ಕೇಳದೆ ಸೌನಾಕ್ಕಾಗಲಿ ಬಿಸಿನೀರಿಗಾಗಲಿ ಇಳಿಯಬಾರದು. ಅಂಥ ತಂದೆಗೆ ವಾರದ ಪಾಸಿನ ಬದಲು, ಹಡಗು ಬಂದರಿನಲ್ಲಿ ನಿಂತು ಹೆಚ್ಚಿನವರು ಊರು ನೋಡಲು ಹೋದ ದಿನ, ಒಂದೇ ದಿನದ ಪಾಸ್ ಸಿಗುವುದೇ ಎಂದು ವಿಚಾರಿಸಬಹುದು. ಕೆಲವು ಹಡಗುಗಳು ಅದನ್ನು ಕೊಡುತ್ತವೆ. ಆ ದಿನ ಸ್ಪಾ ಬಹುತೇಕ ಖಾಲಿ. ಇನ್ನು ಕೆಲವೆಡೆ ಸ್ಪಾ ಪ್ರವೇಶ ಟಿಕೆಟಿನಲ್ಲೇ ಸೇರಿರುತ್ತದೆ. ವೈಕಿಂಗ್‌ನ ಸಮುದ್ರಯಾನದ ಹಡಗುಗಳಲ್ಲಿ ಎಲ್ಲರಿಗೂ, ಸೆಲೆಬ್ರಿಟಿ ಮತ್ತು ಎಂಎಸ್‌ಸಿ ಹಡಗುಗಳಲ್ಲಿ ಕೆಲವು ದರ್ಜೆಯ ಕೋಣೆಗಳವರಿಗೆ. ಸೇರಿದೆ ಎಂದ ಮಾತ್ರಕ್ಕೆ ಅದು ಉಚಿತವಲ್ಲ. ಟಿಕೆಟಿನ ಬೆಲೆಯೂ ಅದಕ್ಕೆ ತಕ್ಕಷ್ಟು ಹೆಚ್ಚಿರುತ್ತದೆ.

ಇಸ್ರಾಫ್, ಅಂದರೆ ದುಂದುಗಾರಿಕೆ, ಎಂಬ ಮಾತು ಬಂದಾಗ ನಾವು ಹಲವೊಮ್ಮೆ ಮೊತ್ತವನ್ನಷ್ಟೇ ನೋಡುತ್ತೇವೆ. ಹರಿಯುವ ಹೊಳೆಯ ದಡದಲ್ಲಿ ವುಝೂ ಮಾಡುವಾಗಲೂ ನೀರನ್ನು ಮಿತವಾಗಿ ಬಳಸಬೇಕೆಂದು ಮದ್ರಸಾದ ಮಕ್ಕಳಿಗೆ ನಾವು ಕಲಿಸುತ್ತೇವೆ. ಆ ನೀರಿಗೆ ಬೆಲೆಯೇ ಇಲ್ಲ, ಆದರೂ ಮಿತಿಯಿದೆ. ಅಂದ ಮೇಲೆ ದುಂದು ಅಡಗಿರುವುದು ಅಗತ್ಯವನ್ನು ಮೀರುವಲ್ಲಿ, ಬಳಸದೆ ವ್ಯರ್ಥಗೊಳಿಸುವಲ್ಲಿ, ಇನ್ನೊಬ್ಬರ ಮುಂದೆ ಕಡಿಮೆಯಾಗಿ ಕಾಣಬಾರದೆಂಬ ಹಟದಲ್ಲಿ. ತಂದೆಯ ಮಂಡಿನೋವಿಗೆಂದು 200 ಡಾಲರ್ ಕೊಟ್ಟು ಪ್ರತಿದಿನ ಅವರನ್ನು ಕೈಹಿಡಿದು ಕರೆದೊಯ್ಯುವ ಮಗ ದುಂದುಗಾರನಲ್ಲ. ಚಿತ್ರ ತೆಗೆದು ಊರಿನ ಬಂಧುಗಳಿಗೆ ಕಳುಹಿಸಲೆಂದು ಕೊಂಡ ಪಾಸ್, ಅದರ ಬೆಲೆ 50 ಡಾಲರ್ ಆಗಿದ್ದರೂ, ದುಂದೇ.

ಹಡಗಿನಲ್ಲಿ ನೋಟು ಎಣಿಸಿ ಕೊಡುವ ಪದ್ಧತಿಯಿಲ್ಲ. ಕೋಣೆಯ ಬಾಗಿಲು ತೆರೆಯುವ ಕಾರ್ಡೇ ಹಣವನ್ನೂ ಬರೆದುಕೊಳ್ಳುತ್ತದೆ. ಲೆಕ್ಕ ಕೈಗೆ ಬರುವುದು ಯಾನದ ಕೊನೆಯಲ್ಲಿ. ಕೈಯಿಂದ ಹಣ ಜಾರುವುದು ಕಾಣದಿದ್ದಾಗ ನೋವೂ ತಿಳಿಯುವುದಿಲ್ಲ. ಆದ್ದರಿಂದ ನಮ್ಮ ಸಲಹೆ ಇಷ್ಟು: ಈ ನಿರ್ಧಾರವನ್ನು ಹಡಗಿನ ಸ್ವಾಗತ ಕಟ್ಟೆಯಲ್ಲಿ ತೆಗೆದುಕೊಳ್ಳಬೇಡಿ, ಮನೆಯಲ್ಲಿ ಕುಳಿತು ತೆಗೆದುಕೊಳ್ಳಿ. ಎಷ್ಟು ದಿನ ಹಡಗು ನಿಲ್ಲದೆ ಸಾಗುತ್ತದೆ, ಎಷ್ಟು ಗಂಟೆ ನಿಜವಾಗಿ ಬಳಸುತ್ತೀರಿ, ಹೆಂಗಸರಿಗೆ ಅಲ್ಲಿ ಮರ್ಯಾದೆಯ ಅವಕಾಶವಿದೆಯೇ ಎಂಬುದನ್ನು ಕಾಗದದಲ್ಲಿ ಬರೆದು ನೋಡಿ. ಕೊಲ್ಲಿಯ ಚಳಿಗಾಲದಲ್ಲಿ ಮಕ್ಕಳೊಡನೆ ಹೊರಟ ಕುಟುಂಬಕ್ಕೆ ಈ ಪಾಸ್ ಅನಗತ್ಯವೆಂದೇ ನಮ್ಮ ಅಭಿಪ್ರಾಯ. ಮೇಲಂತಸ್ತಿನ ಕೊಳದಲ್ಲಿ ಮಕ್ಕಳು ಆಡಲಿ. ಅಜ್ಜ-ಅಜ್ಜಿ ನೆರಳಿನಲ್ಲಿ ಕುಳಿತು ಅವರನ್ನು ನೋಡಲಿ. ಚಳಿಯ ಸಮುದ್ರದಲ್ಲಿ ದೀರ್ಘಯಾನ ಹೊರಟ ಹಿರಿಯರಿಗೆ, ಲಜ್ಜೆಗೆ ಧಕ್ಕೆಯಿಲ್ಲದ ಏರ್ಪಾಡು ಅಲ್ಲಿದ್ದರೆ, ಯಾವ ಅಳುಕೂ ಇಲ್ಲದೆ ಕೊಡಿಸಿ.

ಒಂದು ಮಾತನ್ನು ಮಾತ್ರ ಮರೆಯದಿರಿ. ಪಾಸ್ ಕೊಳ್ಳುವ ಮುನ್ನ ತಂದೆ-ತಾಯಿಯನ್ನೇ ಒಮ್ಮೆ ಕೇಳಿ. ಅವರಿಗೆ ಬೇಕಾದುದು ಬಿಸಿನೀರಿನ ಕೊಳವೋ, ಅಥವಾ ಎಷ್ಟೋ ದಿನಗಳ ಬಳಿಕ ಕೈಗೆ ಸಿಕ್ಕ ಮಗನೊಡನೆ ನೆಮ್ಮದಿಯಾಗಿ ಕಳೆಯುವ ಎರಡು ಗಂಟೆಯೋ ಎಂಬುದನ್ನು ಅವರೇ ಹೇಳುತ್ತಾರೆ.